ಕಟ್ಟುವದಕ್ಕೆ ಮುಂಚೆ ನೋಡುವದು

ವೇದಪಾಠ: ನೆಹೆಮೀಯ 1 ಮತ್ತು 2ನೆಯ ಅಧ್ಯಾಯಗಳು

ಯೆರೂಸಲೇಮಿನ ಗೋಡೆಯು ಬಿದ್ದುಹೋಗಿದೆ, ಬಾಗಿಲುಗಳು ಸುಟ್ಟುಹೋಗಿವೆ ಎಂಬ ವರ್ತಮಾನವನ್ನು ಕೇಳಿದಾಗ ನೆಹೆಮೀಯನು ಮೂರು ಕಾರ್ಯಗಳನ್ನು ಮಾಡಿದನು. ಮೊದಲು ಅತ್ತು, ಉಪವಾಸವಿದ್ದು, ದೇವರಿಗೆ ಮೊರೆಯಿಟ್ಟನು. ಎರಡನೆಯದಾಗಿ ಆ ಪಟ್ಟಣಕ್ಕೆ ಹೋಗಿ, ರಾತ್ರಿಯಲ್ಲಿ ಕೆಲವರನ್ನು ಮಾತ್ರ ಕರಕೊಂಡು, ತನ್ನ ಉದ್ದೇಶವನ್ನು ಯಾರಿಗೂ ತಿಳಿಸದೆ, ಗೋಡೆಯನ್ನು ಪರೀಕ್ಷಿಸಿದನು. ಆ ಮೇಲೆಯೇ ಕಟ್ಟುವದಕ್ಕೆ ಜನರನ್ನು ಕರೆದನು. ನಮ್ಮಲ್ಲಿ ಅಳುವವರು ಅನೇಕರಿದ್ದಾರೆ, ಕಟ್ಟಲು ಅವಸರಪಡುವವರೂ ಇದ್ದಾರೆ. ನಡುವಣ ಕೆಲಸವನ್ನು ಮಾಡುವವರೋ ಸ್ವಲ್ಪ ಜನ. ಮದ್ಯವೂ ಇತರ ಅಮಲು ಪದಾರ್ಥಗಳೂ ಕೆಡವಿದ ಮನೆಗಳ ವಿಷಯದಲ್ಲಿ ಈ ನಡುವಣ ಕೆಲಸವು ಹೇಗೆ ನಡೆಯುತ್ತದೆಂಬದನ್ನು ಕಲಿಯೋಣ.

1. ಲೋಕದಲ್ಲಿ ನಡೆಯುವ ಪರೀಕ್ಷೆ

1909ನೆಯ ಇಸವಿಯಲ್ಲಿ ಚೀನಾದ ಶಾಂಘೈ ಪಟ್ಟಣದಲ್ಲಿ 13 ರಾಷ್ಟ್ರಗಳ ಪ್ರತಿನಿಧಿಗಳು ಅಫೀಮಿನ ವಿಚಾರಕ್ಕಾಗಿ ಕೂಡಿದರು. ಫಿಲಿಪ್ಪೈನ್ ದ್ವೀಪಗಳಲ್ಲಿ ಸೇವೆಮಾಡುತ್ತಿದ್ದ ಬಿಷಪ್ ಚಾರ್ಲ್ಸ್ ಬ್ರೆಂಟ್ ಎಂಬ ದೇವಸೇವಕರು ಅದಕ್ಕೆ ಅಧ್ಯಕ್ಷರಾಗಿದ್ದರು. ಪ್ರತಿನಿಧಿಗಳು ತಮ್ಮ ತಮ್ಮ ದೇಶಗಳ ಅಫೀಮಿನ ಲೆಕ್ಕಗಳನ್ನು ಮುಂದಿಟ್ಟರು. ಬಳಿಕ 1912ರಲ್ಲಿ ಹೇಗ್ ಪಟ್ಟಣದಲ್ಲಿ ಅಫೀಮಿನ ಒಡಂಬಡಿಕೆಯಾಯಿತು. ಈಗ ವಿಯೆನ್ನಾ ಪಟ್ಟಣದಲ್ಲಿರುವ ವಿಶ್ವಸಂಸ್ಥೆಯ ಕಚೇರಿಯು ಪ್ರತಿವರ್ಷ ಇಂಥ ವರದಿಯನ್ನು ಹೊರಡಿಸುತ್ತದೆ. ಲೆಕ್ಕಶಾಸ್ತ್ರವನ್ನೂ ವೈದ್ಯಶಾಸ್ತ್ರವನ್ನೂ ಬಲ್ಲ ಸಲಹೆಗಾರರು ದೇಶದೇಶಗಳ ಲೆಕ್ಕಗಳನ್ನು ಹೋಲಿಸಿ, ವ್ಯಸನವು ಎಲ್ಲಿ ಹೆಚ್ಚಿತು, ಯಾವ ರೋಗವು ಅದರ ಹಿಂದೆ ಬಂತು ಎಂದು ಶೋಧಿಸುತ್ತಾರೆ. 2025ರ ವರದಿಯ ಮೇರೆಗೆ, ಮದ್ಯ ಹೊಗೆಸೊಪ್ಪುಗಳನ್ನು ಬಿಟ್ಟು ಬೇರೆ ಅಮಲು ಪದಾರ್ಥಗಳನ್ನು 2023ರಲ್ಲಿ ಉಪಯೋಗಿಸಿದವರು ಸುಮಾರು 31 ಕೋಟಿ 60 ಲಕ್ಷ ಜನ.

2. ಅಡಗಿದವರನ್ನು ಎಣಿಸುವ ಬಗೆ

ಮನೆಮನೆಗೆ ಹೋಗಿ ಕೇಳುವದು ಒಂದು ಬಗೆ. ಆದರೆ ನಾಚಿಕೆಯ ನಿಮಿತ್ತ ಅನೇಕರು ಇಲ್ಲವೆನ್ನುತ್ತಾರೆ. ಬೀದಿಯಲ್ಲಿ ಮಲಗುವವನಿಗೋ ತಟ್ಟಲು ಬಾಗಿಲೇ ಇಲ್ಲ. ಆದಕಾರಣ ಶೋಧಕರು ಒಂದೇ ಲೆಕ್ಕವನ್ನು ನಂಬದೆ ಆಸ್ಪತ್ರೆಯ ದಾಖಲೆಗಳನ್ನು ನೋಡುತ್ತಾರೆ. ಒಬ್ಬ ವ್ಯಸನಿಯ ಮೂಲಕ ಅವನ ಸಂಗಡಿಗರನ್ನು ಕಂಡು ಮಾತಾಡುತ್ತಾರೆ. ಯೂರೋಪಿನ ಅನೇಕ ಪಟ್ಟಣಗಳಲ್ಲಿ ಚರಂಡಿಯ ನೀರನ್ನೂ ಪರೀಕ್ಷಿಸುತ್ತಾರೆ. ಯಾಕಂದರೆ ದೇಹವನ್ನು ಹೊಕ್ಕ ಪದಾರ್ಥದ ಶೇಷವು ಮೂತ್ರದೊಡನೆ ಹೊರಬರುತ್ತದೆ. ಆ ನೀರು ಪಟ್ಟಣದ ಅವಸ್ಥೆಯನ್ನು ತಿಳಿಸುತ್ತದೆ, ಆದರೆ ಒಬ್ಬನ ಹೆಸರನ್ನಾದರೂ ಹೇಳುವದಿಲ್ಲ. ನೆಹೆಮೀಯನು ರಾತ್ರಿಯಲ್ಲಿ ಗೋಡೆಯನ್ನು ನೋಡಿದ್ದೂ ಡಂಗುರ ಹೊಡೆಯುವದಕ್ಕಲ್ಲ, ಕಟ್ಟುವದಕ್ಕೆ.

3. ನಮ್ಮ ದೇಶದ ಲೆಕ್ಕ

ಭಾರತ ಸರಕಾರದ ಪರವಾಗಿ ದೆಹಲಿಯ ಏಮ್ಸ್ ಸಂಸ್ಥೆಯ ವೈದ್ಯರು ಸುಮಾರು 2 ಲಕ್ಷ ಮನೆಗಳನ್ನು ಸಂದರ್ಶಿಸಿ 2019ರಲ್ಲಿ ವರದಿಯನ್ನು ಪ್ರಕಟಿಸಿದರು. ಅದರಂತೆ ಮದ್ಯ ಕುಡಿಯುವವರು ಸುಮಾರು 16 ಕೋಟಿ. ಅದರಿಂದ ಕೆಟ್ಟು ಸಹಾಯ ಬೇಕಾದವರು ಸುಮಾರು 5 ಕೋಟಿ 70 ಲಕ್ಷ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಏನಾದರೂ ಚಿಕಿತ್ಸೆ ದೊರಕಿತ್ತು. ನಮ್ಮ ಕರ್ತನು ಹೇಳಿದ ಸಾಮ್ಯದಲ್ಲಿ ನೂರು ಕುರಿಗಳೊಳಗೆ ಒಂದು ತಪ್ಪಿಹೋಗಿತ್ತು. ಎಣಿಸಿದ ಕುರುಬನಿಗೇ ಅದು ತಿಳಿಯಿತು. ಇಲ್ಲಿಯಾದರೋ ಹಟ್ಟಿಯೊಳಗೆ ಒಂದಿದ್ದರೆ 37 ಹೊರಗಿವೆ!

4. ಸಭೆಯ ಕರ್ತವ್ಯ

ಗಂಡನ ಹೆಸರನ್ನು ಸಭೆಯ ಪಟ್ಟಿಯಿಂದ ತೆಗೆದುಹಾಕುವರೆಂದು ಹೆದರಿ ಹೆಂಡತಿಯು ಅವನ ಕುಡಿತವನ್ನು ಮರೆಮಾಡುತ್ತಾಳೆ. ಸಭೆಗೆ ಮರೆಯಾದವನು ವೈದ್ಯನಿಗೂ ಮರೆಯಾಗುವನು. ಹಿರಿಯರೇ, ಅಂಥವಳ ಮಾತನ್ನು ಏಕಾಂತದಲ್ಲಿ ಕೇಳಿರಿ. ಕೇಳಿದ್ದನ್ನು ಬಾವಿಕಟ್ಟೆಗೆ ಒಯ್ಯಬೇಡಿರಿ.

ಇನ್ನೊಂದು ಎಚ್ಚರಿಕೆಯುಂಟು. ಬಹು ಕಾಲ ದಿನಾಲು ಮಿತಿಮೀರಿ ಕುಡಿದವನು ಪ್ರಾರ್ಥನಾಕೂಟದಲ್ಲಿ ಪ್ರತಿಜ್ಞೆಮಾಡಿ ಅದೇ ದಿನ ಬಿಟ್ಟರೆ, ಎರಡು ಮೂರು ದಿನಗಳೊಳಗೆ ಕೈನಡುಕ, ಬೆವರು, ಫಿಟ್ಸು, ಬುದ್ಧಿಭ್ರಮಣೆಗಳು ಬರಬಹುದು; ಪ್ರಾಣವೂ ಹೋಗಬಹುದು. ಇದನ್ನು ದೆವ್ವದ ಕಾಟವೆಂದಾಗಲಿ ನಂಬಿಕೆಯ ಕೊರತೆಯೆಂದಾಗಲಿ ಎಣಿಸಬಾರದು. ಪ್ರತಿಜ್ಞೆಯು ಒಳ್ಳೇದೇ, ಆದರೆ ಅದನ್ನು ಮಾಡಿದವನನ್ನು ಒಂಟಿಯಾಗಿ ಬಿಡದೆ, ಕುಡಿತವನ್ನು ನಿಲ್ಲಿಸುವ ಮುಂಚೆಯೇ ವೈದ್ಯರ ಬಳಿಗೆ ಕರಕೊಂಡು ಹೋಗತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವುಂಟು. ಸರಕಾರದ ಉಚಿತ ದೂರವಾಣಿ ಸಂಖ್ಯೆ 14446ರಲ್ಲಿಯೂ ಆಲೋಚನೆ ಕೇಳಬಹುದು. ಸುವಾರ್ತೆಯನ್ನು ಬರೆದ ಲೂಕನು ವೈದ್ಯನಾಗಿದ್ದನೆಂಬದನ್ನು ಮರೆಯದಿರೋಣ.

ಪ್ರಶ್ನೆಗಳು

1. ನೆಹೆಮೀಯನು ಕಟ್ಟುವದಕ್ಕೆ ಮುಂಚೆ ಯಾವ ಎರಡು ಕಾರ್ಯಗಳನ್ನು ಮಾಡಿದನು?
2. ಮನೆಮನೆಯ ಲೆಕ್ಕವೊಂದೇ ಯಾಕೆ ಸಾಲದು?
3. ಕುಡಿತವನ್ನು ಬಿಡಲು ನಿಶ್ಚಯಿಸಿದವನಿಗೆ ಮೊದಲನೆಯ ವಾರದಲ್ಲಿ ಸಭೆಯು ಏನು ಮಾಡಬೇಕು?
4. ನಮ್ಮ ಊರಲ್ಲಿ ಆ 37 ಮಂದಿಯೊಳಗೆ ಸೇರಿದವರು ಯಾರು? ಇದಕ್ಕೆ ಉತ್ತರವನ್ನು ಬಾಯಿಂದ ಹೇಳದೆ ಪ್ರಾರ್ಥನೆಯಲ್ಲಿ ದೇವರಿಗೆ ತಿಳಿಸಿ, ಈ ವಾರವೇ ಒಬ್ಬನ ಮನೆಗೆ ಹೋಗಿರಿ.