ಚಂದ್ರವಳ್ಳಿಯ ರೋಮನ್ ನಾಣ್ಯವೂ ಅಜ್ಜಿಯ ಕಾಸಿನ ಸರವೂ

ನಮ್ಮ ಕಾಲೇಜಿನಲ್ಲಿ ಚಂದ್ರವಳ್ಳಿಗೆ ವಿಹಾರ ಹೋಗದವರು ವಿರಳ. ಆದರೆ ಅಲ್ಲಿಯ ಮಣ್ಣಿನಡಿಯಲ್ಲಿ ರೋಮ್ ಸಾಮ್ರಾಜ್ಯದ ನಾಣ್ಯಗಳಿದ್ದುವೆಂಬುದನ್ನು ಬಲ್ಲವರು ಎಷ್ಟು ಮಂದಿ? ಡಾ. ಎಂ. ಎಚ್. ಕೃಷ್ಣ ಅವರೂ, ಅನಂತರ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳಲ್ಲದೆ ಆಗಸ್ಟಸ್, ತಿಬೇರಿಯಸ್ ಚಕ್ರವರ್ತಿಗಳ ‘ದಿನಾರಿಯಸ್’ ಎಂಬ ಬೆಳ್ಳಿ ನಾಣ್ಯಗಳೂ ಈ ನೆಲದಲ್ಲಿ ದೊರೆತಿವೆ. ಸಂಸ್ಕೃತದ ‘ದೀನಾರ’ ಪದಕ್ಕೆ ಮೂಲ ಇದೇ.

ರೋಮನರ ಚಿನ್ನದ ನಾಣ್ಯಕ್ಕೆ ‘ಆರಿಯಸ್’ ಎಂದು ಹೆಸರು. ಒಂದು ಆರಿಯಸ್ 25 ದಿನಾರಿಯಸ್‌ಗೆ ಸಮ. ಲೋಹ ಬೇರೆಯಾದರೂ ಎಷ್ಟೋ ವೇಳೆ ಎರಡರ ಮೇಲಿನ ಚಿತ್ರವೂ ಒಂದೇ. ತಿಬೇರಿಯಸನ (ಕ್ರಿ.ಶ. 14–37) ಪ್ರಸಿದ್ಧ ನಾಣ್ಯದ ಒಂದು ಮುಖದಲ್ಲಿ ಎಲೆಗಳ ಮುಡಿಮಾಲೆ ಧರಿಸಿದ ಚಕ್ರವರ್ತಿಯ ತಲೆ, ಇನ್ನೊಂದರಲ್ಲಿ ರಾಜದಂಡವನ್ನೂ ಎಲೆಗೊಂಬೆಯನ್ನೂ ಹಿಡಿದು ಕುಳಿತ ಸ್ತ್ರೀ. ಈಕೆ ಅವನ ತಾಯಿ ಲಿವಿಯಾ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಪುಸ್ತಕದಲ್ಲಿದ್ದ ಈ ಚಿತ್ರವನ್ನು ಅಜ್ಜಿಗೆ ತೋರಿಸಿದೆನು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಅಕ್ಷರ ಕಲಿತವರಿಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ, “ಇವಳ್ಯಾರಪ್ಪ, ನಮ್ಮ ಲಕ್ಷ್ಮಿ ಕುಂತಂಗೆ ಕುಂತವ್ಳೆ!” ಎಂದಳು. ನಾನು ಬೆರಗಾದೆನು. ಸುತ್ತಲೂ ಬರೆದ ಲ್ಯಾಟಿನ್ ಅಕ್ಷರಗಳು ಅಂದಿನ ಚಂದ್ರವಳ್ಳಿಯ ವರ್ತಕನಿಗೂ ಅರ್ಥವಾಗಿರಲಾರವು. ಅವನೂ ಅಜ್ಜಿಯಂತೆ ಚಿತ್ರವನ್ನೇ ಓದಿರಬೇಕು. ಓದುಬಾರದವರಿಗೆ ಚಿತ್ರವೇ ಅಕ್ಷರ.

ಭಾರತದ ಸರಕಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆಯೆಂದು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲಿ ಹಲುಬಿದನು. ನೂರು ಸೆಸ್ಟರ್ಸ್‌ಗೆ ಒಂದು ಆರಿಯಸ್. ಇಲ್ಲಿಗೆ ಬಂದ ಚಿನ್ನದ ನಾಣ್ಯಗಳಲ್ಲಿ ಕೆಲವಕ್ಕೆ ತೂತು ಕೊರೆದು ಆಭರಣ ಮಾಡಿದರು. ಕೆಲವುಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆಯೇ ಉಳಿಯ ಗಾಯವಿದೆ. ಕರಗಿಹೋದುವಕ್ಕೆ ಲೆಕ್ಕವೆಲ್ಲಿ?

ಈ ಮಾತು ಬರೆಯುವಾಗ ನನ್ನ ಮನಸ್ಸು ಕಲಕುತ್ತದೆ. ಅಜ್ಜಿಯ ಕಾಸಿನ ಸರದ ಎರಡು ಲಕ್ಷ್ಮೀಕಾಸುಗಳನ್ನು ಮಾರಿ ನನ್ನನ್ನು ಕಾಲೇಜಿಗೆ ಸೇರಿಸಿದರು. ಅಂಗಡಿಯವನು ತೂಕ ನೋಡಿದನು, ಲಕ್ಷ್ಮಿಯನ್ನು ನೋಡಲಿಲ್ಲ. ತಕ್ಕಡಿಗೆ ಚಿತ್ರ ಕಾಣುವುದಿಲ್ಲ.

ಸಹಪಾಠಿಗಳೇ, ಹಿರಿಯೂರು, ಹೊಸದುರ್ಗಗಳ ಹೊಲಗಳಲ್ಲಿ ನೇಗಿಲಿಗೆ ಹಳೆಯ ನಾಣ್ಯವೊಂದು ಸಿಕ್ಕರೆ ಅದನ್ನು ಅಕ್ಕಸಾಲಿಗನ ಕುಲುಮೆಗೆ ಹೋಗಗೊಡದೆ ಸರ್ಕಾರಕ್ಕೆ ತಿಳಿಸುವಂತೆ ಮನೆಯವರಿಗೆ ಹೇಳೋಣ. ಚಿನ್ನ ಮತ್ತೆ ಸಿಕ್ಕೀತು. ಕರಗಿದ ಚಿತ್ರ ಸಿಕ್ಕದು. ಅಜ್ಜಿಯ ಎರಡು ಕಾಸುಗಳಿಂದ ನಾನು ಕಲಿತ ಇತಿಹಾಸವಿಷ್ಟು.