ಊರಿಗೆ ಹೊರಟಾಗ ನಾಯಿ ಯಾರ ಪಾಲಿಗೆ?

ಹರಿಹರದ ಕಡೆಯ ಕೊಕ್ಕನೂರಿನಂಥ ಊರಿನಿಂದ ಕಾಶಿಯಾತ್ರೆಗೆ ಹೊರಟವರು ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸುತ್ತಾರೆ. ಅಷ್ಟು ದಿನ ಹಾಲೂ ಅವರಿಗೇ. ನಾಯಿಯನ್ನು ಮಾತ್ರ ‘ಹೇಗೋ ಬದುಕುತ್ತೆ’ ಎಂದು ಬಿಟ್ಟು ಹೋಗುವುದುಂಟು. ಇದು ಸರಿಯಲ್ಲ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ತಳ್ಳಿ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ನಾಯಿಯನ್ನೂ ಯಾರಿಗಾದರೂ ಒಪ್ಪಿಸಿಯೇ ಹೋಗಬೇಕು. ನೋಡಿಕೊಳ್ಳುವವರು ವಾರ ಮೊದಲೇ ಬಂದು ತಾವೇ ಊಟ ಹಾಕಲಿ. ರೊಟ್ಟಿ ಮುರಿದು ಮಜ್ಜಿಗೆ ಹುಯ್ಯುವ ಕೈಯನ್ನು ನಾಯಿ ಮೂಸಿ ಗುರುತಿಟ್ಟುಕೊಳ್ಳುತ್ತದೆ. ರೇಬಿಸ್ ಚುಚ್ಚುಮದ್ದಿನ ಚೀಟಿ, ವೈದ್ಯರ ನಂಬರ್ ಅವರ ಕೈಗೆ ಕೊಡಬೇಕು. ತುರ್ತಿಗೆ ಪಶು ಸಂಜೀವಿನಿಯ ಸಹಾಯವಾಣಿ 1962 ಇದೆ.

ಹರಿಹರದಲ್ಲಿ ರೈಲು ಹತ್ತಿಸಿ ಜೊತೆಗೇ ಒಯ್ಯುವುದಾದರೆ ಸ್ಲೀಪರ್ ಬೋಗಿಯಲ್ಲಿ ನಾಯಿಗೆ ಅವಕಾಶವಿಲ್ಲ. ಫಸ್ಟ್ ಎಸಿಯ ಇಡೀ ಕೂಪೆ ಕಾದಿರಿಸಬೇಕು, ಇಲ್ಲವೇ ಗಾರ್ಡ್ ಡಬ್ಬಿಯ ಗೂಡು. ಬೇಸಿಗೆಯಲ್ಲಿ ಆ ಗೂಡು ಕಾಯುತ್ತದೆ; ವಯಸ್ಸಾದ ನಾಯಿಯನ್ನು ಅದರಲ್ಲಿ ಕಳಿಸಬಾರದು.