ಸ್ಪೈಡರ್‌ಮ್ಯಾನ್ ಹೆಸರಿನಲ್ಲಿ ಅಡಗಿ ಕೂತ ಅಕ್ಷರ

ಮಕ್ಕಳೇ, ಪಾಠ ಶುರು ಮಾಡುವ ಮುಂಚೆ ಒಂದು ಸಣ್ಣ ಲೆಕ್ಕ. ಇಂಗ್ಲಿಷ್‌ನಲ್ಲಿ ಸ್ಪೈಡರ್‌ಮ್ಯಾನ್ ಹೆಸರು ಬರೆಯೋಕೆ, ನಡುವಿನ ಅಡ್ಡಗೆರೆಯೂ ಸೇರಿ, 10 ಅಕ್ಷರ ಬೇಕು. ಕನ್ನಡದಲ್ಲಿ ಎಷ್ಟು ಬೇಕು?

ನಿಧಾನವಾಗಿ ಓದಿ: ಸ್ಪೈ, ಡ, ರ್, ಮ್ಯಾ, ನ್. ನೀವು ಐದು ಅಂತೀರಿ. ಪಕ್ಕದಲ್ಲಿ ಕೂತ ಅಮ್ಮ ಒತ್ತು, ಗುಣಿತ ಎಲ್ಲಾ ಬಿಡಿಸಿ ಎಣಿಸಿ 13 ಅಂತಾರೆ. ಕಂಪ್ಯೂಟರನ್ನು ಕೇಳಿದರೆ ಅದು 14 ಅನ್ನುತ್ತದೆ. ಮೂರೂ ಉತ್ತರ ಸರಿ! ಹಾಗಾದರೆ ಕಂಪ್ಯೂಟರಿಗೆ ಮಾತ್ರ ಕಂಡ ಆ ಹದಿನಾಲ್ಕನೆಯದು ಯಾವುದು? ಇವತ್ತಿನ ಪಾಠ ಅದನ್ನು ಹಿಡಿಯುವುದು.

ಪ್ರತಿ ಅಕ್ಷರಕ್ಕೂ ಒಂದು ಮನೆ ನಂಬರ್

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಇಂಗ್ಲಿಷ್‌ನ ದೊಡ್ಡ 'ಎ' ಅದಕ್ಕೆ 65. ಪ್ರಪಂಚದ ಭಾಷೆಗಳ ಅಕ್ಷರಗಳಿಗೆಲ್ಲ ಹೀಗೆ ಒಂದೊಂದು ನಂಬರ್ ಕೊಡುವ ವ್ಯವಸ್ಥೆಯ ಹೆಸರು ಯೂನಿಕೋಡ್. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡ ಇತ್ತು.

ಯೂನಿಕೋಡನ್ನು ಒಂದು ಉದ್ದನೆಯ ಬೀದಿ ಅಂದುಕೊಳ್ಳಿ. ಕನ್ನಡಕ್ಕೆ ಅಲ್ಲಿ 3200ರಿಂದ 3327ರವರೆಗೆ 128 ಸೈಟುಗಳು. ಎಲ್ಲದರಲ್ಲೂ ಮನೆ ಇಲ್ಲ, ಕೆಲವು ಇನ್ನೂ ಖಾಲಿ. ಅಕ್ಕಪಕ್ಕದಲ್ಲಿ ಯಾರಿದ್ದಾರೆ ಗೊತ್ತಾ? ಕನ್ನಡಕ್ಕಿಂತ ಮೊದಲು ತೆಲುಗು, ಅದಕ್ಕೂ ಮೊದಲು ತಮಿಳು. ಕನ್ನಡ ಮುಗಿದ ಕೂಡಲೇ ಮಲಯಾಳಂ. ಭೂಪಟದಲ್ಲಿ ನೆರೆಹೊರೆಯವರು ಇಲ್ಲೂ ನೆರೆಹೊರೆಯವರೇ! ನಮ್ಮ 'ಕ' ಮನೆ ನಂಬರ್ 3221. ಅದರಲ್ಲಿ 128 ಕಳೆಯಿರಿ, 3093. ಅದು ತೆಲುಗಿನ 'ಕ'. 3221ಕ್ಕೆ 128 ಕೂಡಿಸಿ, 3349. ಅದು ಮಲಯಾಳಂನ 'ಕ'. ಇಸ್ಕಿ ಎಂಬ ಭಾರತದ ಹಳೆಯ ಕ್ರಮದಲ್ಲಿ ನಮ್ಮ ಲಿಪಿಗಳನ್ನು ಒಂದೇ ಸಾಲಿಗೆ ಹೊಂದಿಸಿದ್ದರು. ಯೂನಿಕೋಡ್ ಅದನ್ನೇ ಇಟ್ಟುಕೊಂಡಿತು.

ಇದಕ್ಕೆ ಮುಂಚೆ ಏನು ಮಾಡುತ್ತಿದ್ದರು? ಇಂಗ್ಲಿಷ್ ಅಕ್ಷರಗಳ ನಂಬರಿಗೇ ಕನ್ನಡದ ವೇಷ ಹಾಕುತ್ತಿದ್ದರು. ಹ್ಯಾಲೋವೀನ್ ದಿನ ನೀವು ಸ್ಪೈಡರ್‌ಮ್ಯಾನ್ ಡ್ರೆಸ್ ಹಾಕಿಕೊಂಡ ಹಾಗೆ, ಒಳಗಿರುವುದು ಬೇರೆ, ಕಾಣುವುದು ಬೇರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ನಿಮ್ಮ ಅಪ್ಪನನ್ನೋ ಅಮ್ಮನನ್ನೋ ಕೇಳಿ, ಅವರಿಗೆ ನೆನಪಿರುತ್ತೆ.

ಒತ್ತಕ್ಷರ ಅಂದರೆ ಕ್ರಾಫ್ಟಿಂಗ್

ಈಗ ನಿಮ್ಮಲ್ಲಿ ಮೈನ್‌ಕ್ರಾಫ್ಟ್ ಆಡುವವರು ಹೇಳಿ: ಟಾರ್ಚ್ ಹೇಗೆ ಮಾಡ್ತೀರಿ? ಕಡ್ಡಿಯ ಮೇಲೆ ಕಲ್ಲಿದ್ದಲು ಇಡಬೇಕು. ಕಲ್ಲಿದ್ದಲು ಕೆಳಗೆ, ಕಡ್ಡಿ ಮೇಲೆ ಇಟ್ಟರೆ ಏನೂ ಸಿಗಲ್ಲ. ವಸ್ತುಗಳೂ ಮುಖ್ಯ, ಅವುಗಳ ಕ್ರಮವೂ ಮುಖ್ಯ.

ಕನ್ನಡದ ಒತ್ತಕ್ಷರವೂ ಹಾಗೇ. ಯೂನಿಕೋಡ್ ಬೀದಿಯಲ್ಲಿ 'ಕ್ಷ' ಎಂಬ ಮನೆಯೇ ಇಲ್ಲ! ಫೋನಿನೊಳಗೆ ಇರುವುದು ಮೂರು ವಸ್ತು:

ಕ (3221), ಆಮೇಲೆ ್ (3277), ಆಮೇಲೆ ಷ (3255).

ನಡುವೆ ಇರುವ ಆ ಗುರುತಿಗೆ ಹಲಂತ ಅಂತ ಹೆಸರು. ಅದು ತನ್ನ ಹಿಂದಿನ ಅಕ್ಷರದಿಂದ 'ಅ' ಸ್ವರವನ್ನು ತೆಗೆದುಹಾಕುತ್ತದೆ, ಮುಂದೆ ಬರುವ ವ್ಯಂಜನವನ್ನು ಒತ್ತು ಮಾಡಿ ಕೆಳಗೆ ಕೂರಿಸುತ್ತದೆ. ಕ್ರಮ ಬದಲಿಸಿ ಮೊದಲು ಷ, ಕೊನೆಗೆ ಕ ಇಟ್ಟರೆ ಸಿಗುವುದು ಷ್ಕ. ಫೋನ್ ನೆನಪಿಟ್ಟುಕೊಳ್ಳುವುದು ಮಾಡುವ ವಿಧಾನವನ್ನು ಮಾತ್ರ. ಅದನ್ನು ಓದಿ, ಚಿತ್ರ ಜೋಡಿಸಿ, ಪರದೆಯ ಮೇಲೆ ಚಂದವಾಗಿ ಕೂರಿಸುವುದು ಇನ್ನೊಂದು ಪ್ರೋಗ್ರಾಂನ ಕೆಲಸ. ಆಂಡ್ರಾಯ್ಡ್ ಫೋನುಗಳಲ್ಲಿ ಆ ಕೆಲಸ ಮಾಡುವ ಪ್ರೋಗ್ರಾಂ ಹೆಸರು ಹಾರ್ಫ್‌ಬಜ್. ಅದು ಎಲ್ಲರಿಗೂ ಉಚಿತ.

ಈ ಹಲಂತದ ಮಹತ್ವವನ್ನು ಬಹಳ ಮೊದಲೇ ಕಂಡವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್. ಇಂಗ್ಲಿಷ್ ಕೀಬೋರ್ಡಿನಲ್ಲೇ ಕನ್ನಡ ಬರೆಯುವ ವಿನ್ಯಾಸ ಮಾಡಿದಾಗ ಅವರು 'ಎಫ್' ಕೀಯನ್ನು ಪೂರ್ತಿಯಾಗಿ ಹಲಂತಕ್ಕೇ ಬಿಟ್ಟುಕೊಟ್ಟರು. ಆ ಒಂದು ಕೀ ಇದ್ದರೆ ಸಾಕು, ಯಾವ ಒತ್ತು ಬೇಕಾದರೂ ಕಟ್ಟಬಹುದು. ಕರ್ನಾಟಕ ಸರ್ಕಾರದ 'ನುಡಿ' ತಂತ್ರಾಂಶದ ಕೀಬೋರ್ಡಿಗೆ ಅದೇ ಆಧಾರ.

ನಮ್ಮೂರ ಹೆಸರಿನಲ್ಲೇ ಒಂದು ಜಾದೂ

'ಫೋರ್ಟ್' ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಮೊದಲು ಫೋ ಬರೀತೀರಿ, ಆಮೇಲೆ ಟ್ ಬರೀತೀರಿ, ಕೊನೆಗೆ ಬಲಗಡೆ ಕನ್ನಡದ ಒಂಬತ್ತರ ಹಾಗಿರುವ ಅರ್ಕಾವತ್ತು ಹಾಕ್ತೀರಿ. ಆದರೆ ಬಾಯಲ್ಲಿ ಹೇಳುವಾಗ? ಮೊದಲು ರ್, ಆಮೇಲೆ ಟ್!

ಫೋನ್ ಕೈಯ ಕ್ರಮವನ್ನು ಅನುಸರಿಸುವುದಿಲ್ಲ, ಬಾಯಿಯ ಕ್ರಮವನ್ನು ಅನುಸರಿಸುತ್ತದೆ. ಒಳಗೆ ರ ಮೊದಲು, ಟ ಆಮೇಲೆ. ಪರದೆಗೆ ಬರುವಾಗ ಮಾತ್ರ ರ್ ಓಡಿಹೋಗಿ ಹಿಂದೆ ನಿಲ್ಲುತ್ತದೆ. ಕನ್ನಡ ಟೈಪ್ ಮಾಡುವಾಗ ಗೊಂದಲವಾದರೆ ಒಂದೇ ಮಂತ್ರ: ಹೇಗೆ ಹೇಳ್ತೀರೋ ಹಾಗೆ ಒತ್ತಿ.

ಕಾಣದ ಗೋಡೆ

ಈಗ ಬಂತು ತೊಂದರೆ. ಇದೇ ನಿಯಮದಲ್ಲಿ ಸ್ಪೈಡರ್ ಬರೆದು ತಕ್ಷಣ ಮ್ಯಾನ್ ಬರೆದರೆ ಏನಾಗುತ್ತೆ? ರ್ ಮುಂದೆ ಮ ಸಿಕ್ಕಿತು. ಹಲಂತ ಸುಮ್ಮನಿರುತ್ತಾ? ಇಲ್ಲ! ಎರಡನ್ನೂ ಸೇರಿಸಿ ಅರ್ಕಾವತ್ತು ಮಾಡಿಬಿಡುತ್ತದೆ:

ಸ್ಪೈಡರ್ಮ್ಯಾನ್

ನಮ್ಮ ಹೀರೋ ಗುರುತೇ ಸಿಗಲ್ಲ ಅಲ್ವಾ? ಇಲ್ಲೇ ಬೇಕು ಆ ಹದಿನಾಲ್ಕನೆಯ ಅಕ್ಷರ. ಅದರ ಮನೆ ನಂಬರ್ 8204. ಅದಕ್ಕೆ ಆಕಾರ ಇಲ್ಲ, ಅಗಲ ಇಲ್ಲ, ಉಚ್ಚಾರ ಇಲ್ಲ. ರ್ ಮತ್ತು ಮ ನಡುವೆ ನಿಂತು 'ನೀವಿಬ್ಬರೂ ಸೇರಬೇಡಿ' ಅನ್ನುವುದಷ್ಟೇ ಅದರ ಕೆಲಸ.

ಫೆಂಟಾಸ್ಟಿಕ್ ಫೋರ್ ಕಾಮಿಕ್ಸ್ ಓದಿದವರಿಗೆ 1961ರಿಂದ ಇರುವ ಸೂ ಸ್ಟಾರ್ಮ್ ಗೊತ್ತು. ಅವಳು ತಾನೂ ಮಾಯವಾಗುತ್ತಾಳೆ, ಕಣ್ಣಿಗೆ ಕಾಣದ ಗೋಡೆಯನ್ನೂ ಕಟ್ಟುತ್ತಾಳೆ. ನಮ್ಮ 8204 ಮಾಡುವುದೂ ಅದನ್ನೇ. ಅಥವಾ ನಮ್ಮೂರಿನದೇ ಉದಾಹರಣೆ ತಗೊಳ್ಳಿ. ಐ-77ರಲ್ಲಿ ಶಾರ್ಲಟ್‌ಗೆ ಹೋಗುವಾಗ ರಾಜ್ಯದ ಗಡಿ ದಾಟುತ್ತೀರಿ. ಕ್ಯಾರೊವಿಂಡ್ಸ್ ಪಾರ್ಕ್ ಅಂತೂ ಆ ಗಡಿಯ ಮೇಲೇ ಕೂತಿದೆ. ಅಡ್ಡ ಗೋಡೆ ಇಲ್ಲ, ಗೇಟ್ ಇಲ್ಲ. ಆದರೂ ಈ ಕಡೆ ಸೌತ್ ಕ್ಯಾರೊಲಿನಾ, ಆ ಕಡೆ ನಾರ್ತ್ ಕ್ಯಾರೊಲಿನಾ.

ಸ್ಪೈಡರ್‌ಮ್ಯಾನ್‌ಗೆ ಮಾತ್ರ ಅಲ್ಲ, ನಮ್ಮ ಅಣ್ಣಾವ್ರಿಗೂ ಈ ಗೋಡೆ ಬೇಕು. ಗೋಡೆ ಇದ್ದರೆ ರಾಜ್‌ಕುಮಾರ್. ಇಲ್ಲದಿದ್ದರೆ ರಾಜ್ಕುಮಾರ್!

ಹಾಗಾದರೆ 'ಫೋರ್ಟ್' ಪದಕ್ಕೆ ಯಾಕೆ ಬೇಡ? ಅಲ್ಲಿ ರ್, ಟ್ ಎರಡೂ ಒಂದೇ ಪದದೊಳಗೆ ಇವೆ, ಸೇರಿದರೆ ಒಳ್ಳೆಯದೇ. ವ್ಯಂಜನದಲ್ಲಿ ನಿಂತ ಒಂದು ಪದಕ್ಕೆ ಇನ್ನೊಂದು ಪದವನ್ನೋ ಪ್ರತ್ಯಯವನ್ನೋ ಅಂಟಿಸುವಾಗ ಮಾತ್ರ ಗೋಡೆ ಬೇಕು. ಫೋನ್ ಮತ್ತು ಅಲ್ಲಿ ಸೇರಿ 'ಫೋನ್‌ನಲ್ಲಿ' ಆಗಬೇಕು, 'ಫೋನ್ನಲ್ಲಿ' ಆಗಬಾರದು.

ಅಜ್ಜಿಯ ದಾರಿ

ನಿಮ್ಮ ಅಜ್ಜಿ ಮಾತಾಡುವುದನ್ನು ಗಮನಿಸಿ. ಅವರು ಬಸ್ ಅನ್ನಲ್ಲ, ಬಸ್ಸು ಅಂತಾರೆ. ಕಾರು, ಫೋನು, ಬೋರ್ಡು, ಲೈಟು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಹೊರಗಿನಿಂದ ಬಂದ ಪದಕ್ಕೂ ಅಜ್ಜಿ ಕೊನೆಯಲ್ಲಿ ಒಂದು 'ಉ' ಕೊಟ್ಟು ಮನೆಯವರನ್ನಾಗಿ ಮಾಡಿಕೊಳ್ಳುತ್ತಾರೆ. ಆಮೇಲೆ 'ಫೋನಿನಲ್ಲಿ', 'ಬಸ್ಸಿನಲ್ಲಿ' ಅಂತ ಆರಾಮಾಗಿ ಹೇಳುತ್ತಾರೆ. ಅಲ್ಲಿ ಕಾಣದ ಗೋಡೆಯೇ ಬೇಡ!

ಆದ್ದರಿಂದ ಅಜ್ಜಿ 'ಫೋನು' ಅಂದಾಗ ಯಾರೂ ನಗಬೇಡಿ. ಅವರದ್ದು ತಪ್ಪು ಇಂಗ್ಲಿಷ್ ಅಲ್ಲ, ಸರಿಯಾದ ಕನ್ನಡ. ನೀವೂ ಎರಡು ರೀತಿಯಲ್ಲೂ ಬರೆಯಬಹುದು. ಈ ಪಾಠದಲ್ಲಿ ನಾನೂ ಎರಡನ್ನೂ ಬಳಸಿದ್ದೀನಿ, ಹುಡುಕಿ.

ಗೋಡೆಯ ತಮ್ಮ

8204ರ ಪಕ್ಕದ ಮನೆಯಲ್ಲಿ, 8205ರಲ್ಲಿ, ಇನ್ನೊಬ್ಬ ಅದೃಶ್ಯ ವ್ಯಕ್ತಿ ಇದ್ದಾನೆ. ಅವನ ಸ್ವಭಾವ ಉಲ್ಟಾ. ಇವನು ಸೇರಿಸುವವನು. 'ರ‍್ಯಾಂಕ್' ಬರೆಯುವಾಗ ರ ಅರ್ಕಾವತ್ತಾಗಿ ಹಿಂದೆ ಓಡದೆ ಮುಂದೆಯೇ ನಿಲ್ಲಬೇಕಾದರೆ ಇವನ ಸಹಾಯ ಬೇಕು.

ಇವನನ್ನು ನೀವು ಆಗಲೇ ಬಳಸಿದ್ದೀರಿ. ಅಪ್ಪ, ಅಮ್ಮ, ಮಗಳು ಒಟ್ಟಿಗೆ ನಿಂತ ಎಮೋಜಿ ಇದೆಯಲ್ಲ? ಒಳಗೆ ಅದು ಮೂರು ಬೇರೆ ಬೇರೆ ಎಮೋಜಿ. ನಡುವೆ ಎರಡು ಕಡೆ ಈ 8205 ನಿಂತು ಅಂಟಿಸಿದ್ದಾನೆ. ಹೆಣ್ಣು ಸೂಪರ್‌ಹೀರೋ ಎಮೋಜಿಯನ್ನೂ ಹೀಗೇ ಕಟ್ಟುತ್ತಾರೆ. ಈ ಅಣ್ಣತಮ್ಮಂದಿರು ಎಮೋಜಿಗೋಸ್ಕರ ಹುಟ್ಟಿದವರಲ್ಲ. ಪರ್ಷಿಯನ್, ಹಿಂದಿ, ಕನ್ನಡದಂಥ ಭಾಷೆಗಳಿಗೆ ಬೇಕಾಗಿ ಎಷ್ಟೋ ಮೊದಲೇ ಅಲ್ಲಿದ್ದವರು. ಎಮೋಜಿ ಅವರ ಸಹಾಯವನ್ನು ಆಮೇಲೆ ಪಡೆಯಿತು.

ಒಂದು ಅಕ್ಷರಕ್ಕೆ ಬಿದ್ದ ಐಫೋನ್

ಇಷ್ಟೆಲ್ಲ ಯಾಕೆ ತಿಳಿದುಕೊಳ್ಳಬೇಕು ಅಂತ ಕೇಳ್ತೀರಾ? 2018ರ ಫೆಬ್ರವರಿಯಲ್ಲಿ ನಡೆದದ್ದು ಕೇಳಿ. 'ಜ್ಞಾನ' ಪದದ ಮೊದಲಲ್ಲಿ ಬರುವ 'ಜ್ಞಾ' ಇದೆಯಲ್ಲ, ತೆಲುಗು ಲಿಪಿಯಲ್ಲಿ ಅದನ್ನು ಬರೆದು ಯಾರಾದರೂ ಮೆಸೇಜ್ ಕಳಿಸಿದರೆ ಐಫೋನಿನ ಆ್ಯಪ್ ದಡಕ್ಕನೆ ಮುಚ್ಚಿಹೋಗುತ್ತಿತ್ತು! ಆ ಒಂದು ಅಕ್ಷರದೊಳಗೆ ಇದ್ದ ವಸ್ತುಗಳು ಐದು: ಜ, ಹಲಂತ, ಞ, ನಮ್ಮ ಕಾಣದ ಗೋಡೆ, ಕೊನೆಗೆ ದೀರ್ಘ. ಅಕ್ಷರದ ತಪ್ಪೇನೂ ಇರಲಿಲ್ಲ. ಚಿತ್ರ ಜೋಡಿಸುವ ಪ್ರೋಗ್ರಾಂ ಆ ಜೋಡಣೆಯನ್ನು ನಿಭಾಯಿಸಲಾರದೆ ಕುಸಿಯಿತು. ಆ್ಯಪಲ್ ಅದೇ ತಿಂಗಳು ಐಓಎಸ್ 11.2.6 ಬಿಡುಗಡೆ ಮಾಡಿ ಸರಿಪಡಿಸಿತು.

ಅಷ್ಟು ದೊಡ್ಡ ತಪ್ಪಾದರೆ ಎಲ್ಲರಿಗೂ ಕಾಣುತ್ತದೆ. ಚಿಕ್ಕವು ಕಾಣುವುದಿಲ್ಲ. ಕೆಲವು ಪ್ರೋಗ್ರಾಂಗಳು ಕಾಣದ ಅಕ್ಷರವನ್ನು ಕಸ ಅಂದುಕೊಂಡು ಗುಡಿಸಿಬಿಡುತ್ತವೆ. ಗೇಮ್ ತಯಾರಿಸುವ ಕೆಲವು ಸಾಧನಗಳಿಗೆ ಒತ್ತಕ್ಷರ ಜೋಡಿಸಲು ಬರುವುದೇ ಇಲ್ಲ, ಕ್ಷ ಅನ್ನುವುದು ಮುರಿದು ಎರಡು ತುಂಡಾಗಿ ನಿಲ್ಲುತ್ತದೆ. ಕನ್ನಡ ಓದಲು ಬಾರದ ಎಂಜಿನಿಯರ್‌ಗೆ ಅದು ತಪ್ಪು ಅಂತ ಗೊತ್ತೇ ಆಗುವುದಿಲ್ಲ. ಅವರ ಕಣ್ಣಿಗೆ ಎರಡೂ ಒಂದೇ ಥರದ ಸುರುಳಿಗಳು.

2023ರಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್' ಭಾರತದಲ್ಲಿ ಕನ್ನಡವೂ ಸೇರಿದಂತೆ 10 ಭಾಷೆಗಳಲ್ಲಿ ಬಂತು. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲೂ ಕನ್ನಡ ಇದೆ. ಅದನ್ನು ಅನುವಾದ ಮಾಡುವವರು ನಿಮ್ಮ ನಮ್ಮ ಥರದ ಸ್ವಯಂಸೇವಕರು. ಅಂದರೆ ಬಾಗಿಲು ತೆರೆದಿದೆ. ಒಳಗೆ ಹೋಗಿ 'ಈ ಒತ್ತು ತಪ್ಪಾಗಿದೆ, ಸರಿಮಾಡಿ' ಅಂತ ಹೇಳಲು ಎರಡು ವಿದ್ಯೆ ಒಟ್ಟಿಗೆ ಬೇಕು: ಕೋಡಿಂಗ್ ಮತ್ತು ಕನ್ನಡ. ಮೊದಲನೆಯದು ನಿಮಗೆ ಸ್ಕೂಲಿನಲ್ಲಿ ಸಿಗುತ್ತದೆ. ಎರಡನೆಯದಕ್ಕೆ ವಾರಾಂತ್ಯದಲ್ಲಿ ಇಲ್ಲಿಗೆ ಬರ್ತೀರಿ.

ಅಭ್ಯಾಸ

1. ಸ್ಕ್ರ್ಯಾಚ್‌ನಲ್ಲಿ ಪದದ ಉದ್ದ ಹೇಳುವ ಬ್ಲಾಕ್ ಇದೆ. ಅದರಲ್ಲಿ ಅಮ್ಮ, ಕನ್ನಡ, ಬ್ಯಾಟ್‌ಮ್ಯಾನ್ ಹಾಕಿ ನೋಡಿ. ಮೊದಲು ನೀವೇ ಕೈಯಲ್ಲಿ ಎಣಿಸಿ.

2. ಇವುಗಳಲ್ಲಿ ಕಾಣದ ಗೋಡೆ ಯಾವುದರಲ್ಲಿದೆ, ಯಾವುದರಲ್ಲಿ ಇಲ್ಲ? ಸೂಪರ್‌ಮ್ಯಾನ್, ಕರ್ನಾಟಕ, ಐರನ್‌ಮ್ಯಾನ್, ಮಾರ್ವೆಲ್.

3. ನಮ್ಮ 'ಗ' ನಂಬರ್ 3223. ತೆಲುಗಿನ 'ಗ' ನಂಬರ್ ಎಷ್ಟು?

4. ವಿಂಡೋಸ್‌ನ ವರ್ಡ್‌ನಲ್ಲಿ ಆಲ್ಟ್ ಕೀ ಒತ್ತಿ ಹಿಡಿದು ನಂಬರ್ ಪ್ಯಾಡಿನಲ್ಲಿ 8204 ಒತ್ತಿದರೆ ಗೋಡೆ ಬರುತ್ತದೆ. 'ಸ್ಪೈಡರ್' ಮುಂದೆ ಅದನ್ನು ಇಟ್ಟು 'ಮ್ಯಾನ್' ಬರೆಯಿರಿ. ಆಮೇಲೆ ಗೋಡೆ ಅಳಿಸಿ ಏನಾಗುತ್ತೆ ನೋಡಿ.

5. ಮೈನ್‌ಕ್ರಾಫ್ಟ್ ಜಾವಾ ಇದ್ದರೆ ಭಾಷೆ ಕನ್ನಡ ಮಾಡಿ. ಒತ್ತಕ್ಷರಗಳು ಸರಿಯಾಗಿ ಕೂತಿವೆಯಾ? ತಪ್ಪು ಕಂಡದ್ದನ್ನು ಬರೆದುಕೊಂಡು ತರಗತಿಗೆ ತನ್ನಿ.

ಉತ್ತರ: 1. ಅಮ್ಮ 4, ಕನ್ನಡ 5, ಬ್ಯಾಟ್‌ಮ್ಯಾನ್ 13. 2. ಸೂಪರ್‌ಮ್ಯಾನ್, ಐರನ್‌ಮ್ಯಾನ್ ಎರಡರಲ್ಲಿ ಇದೆ, ಉಳಿದೆರಡರಲ್ಲಿ ಇಲ್ಲ. 3. 3095. ನಾಲ್ಕು ಮತ್ತು ಐದಕ್ಕೆ ಉತ್ತರ ನಿಮ್ಮ ಪರದೆಯ ಮೇಲಿದೆ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು: ಈ ವಾರ ಮಕ್ಕಳ ಫೋನಿಗೋ ಟ್ಯಾಬ್ಲೆಟ್ಟಿಗೋ ಕನ್ನಡ ಕೀಬೋರ್ಡ್ ಹಾಕಿಕೊಡಿ. ಊರಲ್ಲಿರುವ ಅಜ್ಜಿ-ತಾತನಿಗೆ ಅವರೇ ಒಂದು ಸಾಲು ಟೈಪ್ ಮಾಡಿ ಕಳಿಸಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೇಡ, ಕನ್ನಡ ಅಕ್ಷರದಲ್ಲೇ ಇರಲಿ. ಒಂದೆರಡು ಒತ್ತು ಆಚೀಚೆ ಆದರೂ ಪರವಾಗಿಲ್ಲ, ಅಜ್ಜಿ ಸರಿಮಾಡಿಕೊಂಡು ಓದುತ್ತಾರೆ.